ಎಡಗೈಯ ಬನ್ನಿ

ಕಸ್ತೂರಿ, ಠಾಣೆಗೆ ಹೋಗಿ ಹೇಳಿಬಂದವಳು ನಾನು. ನೀನಲ್ಲವೆಂದು ನಿನಗೆ ಗೊತ್ತು. ನಾನೆಂದು ಮಾತ್ರ ಗೊತ್ತಿಲ್ಲ. ಪರಶುವಿನ ಗ್ಯಾಸಿನ ದಂಧೆಯ ಬಗ್ಗೆ ಪೊಲೀಸರ ಮುಂದೆ ಬಾಯಿ ಬಿಟ್ಟವಳು ನಾನು. ಆಮೇಲೆ ಅದೇ ಪರಶುವಿನ ಮುಂದೆ ಬಾಯಿ ಮುಚ್ಚಿಕೊಂಡು ಆ ಆರೋಪ ನಿನ್ನ ತಲೆಗೆ ಬರುವಂತೆ ಮಾಡಿದವಳೂ ನಾನೇ. ನಿನ್ನ ಗಂಡನ ಬಲಗೈ ಇವತ್ತಿಗೂ ಸರಿಯಾಗಿ ಮೇಲೇಳುವುದಿಲ್ಲವಲ್ಲ — ಅದರಲ್ಲಿ ನನ್ನ ಪಾಲಿದೆ.

ಹೇಳಿಯಾಯಿತು. ಒಂದೇ ಉಸಿರಿಗೆ ಹೇಳದಿದ್ದರೆ ನಾನು ಸುತ್ತಿ ಬಳಸಿ ಎಲ್ಲಿಗೋ ಹೋಗಿಬಿಡುವವಳು, ನನ್ನ ಸ್ವಭಾವ ನನಗೆ ಗೊತ್ತು. ಇನ್ನು ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಗೊತ್ತಿರುವುದನ್ನು ಬಿಡುತ್ತ ಹೋದರೆ ಅದರ ಜೊತೆಗೆ ನನಗೆ ಹೇಳಲು ಕಷ್ಟವಾದದ್ದನ್ನೂ ಬಿಟ್ಟುಬಿಡುತ್ತೇನೆ. ಹೊರಗೆ ಇನ್ನೂ ಬಿಸಿಲಿದೆ. ದಸರೆಯ ದಿನ, ಓಣಿಯ ಮಕ್ಕಳು ಬನ್ನಿ ಎಲೆ ಹಿಡಿದು ಮನೆಯಿಂದ ಮನೆಗೆ ಓಡುತ್ತಿದ್ದಾರೆ. ನಾನು ಮಾತ್ರ ಬಾಗಿಲಿಗೆ ಅಗಳಿ ಹಾಕಿಕೊಂಡು ಕೂತಿದ್ದೇನೆ. ಯಾಕೆಂಬುದು ಆಮೇಲೆ. ನಿನ್ನೆದುರು ನಿಂತು ಹೇಳುವ ಮೊದಲು ಇಲ್ಲಿ ಒಬ್ಬಳೇ ಹೇಳಿ ನೋಡುತ್ತಿದ್ದೇನೆ.

ಹುಬ್ಬಳ್ಳಿಯ ಅಂಚಿನ ಈ ಓಣಿಯ ತುದಿಯಲ್ಲಿ ನಮ್ಮವು ಎರಡೇ ಮನೆ. ನಡುವೆ ಒಂದೇ ಗೋಡೆ, ಮುಂದೆ ಒಂದೇ ಕಟ್ಟೆ. ಈ ಕಡೆ ನಾನು, ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಸಾಲಿ ಅಕ್ಕಾರು — ಗಂಡನನ್ನು ಬೇಗ ಕಳೆದುಕೊಂಡು ಮಗಳು ವಿದ್ಯಾಳನ್ನು ಕಟ್ಟಿಕೊಂಡು ಬದುಕುತ್ತಿದ್ದವಳು. ಆ ಕಡೆ ನೀನು, ನಿನ್ನ ಹೊಲಿಗೆ ಮಷಿನ್ನು, ನಿನ್ನ ಗಂಡ ಮಹಾದೇವ, ಮಹಾದೇವನ ಆಟೋ. ನೀನು ಬಿಸಿ ರೊಟ್ಟಿಯನ್ನು ಹಿತ್ತಲಿನ ಗೋಡೆಯ ಮೇಲಿಂದ ಚಾಚುತ್ತಿದ್ದೆ, ನಾನು ಶೇಂಗಾ ಚಟ್ನಿಯ ಬಟ್ಟಲನ್ನು ಚಾಚುತ್ತಿದ್ದೆ. ಬೆಂಗೇರಿ ಸಂತೆಗೆ ಇಬ್ಬರೂ ಒಂದೇ ಚೀಲ ಒಯ್ಯುತ್ತಿದ್ದೆವು. ನಿನ್ನ ಬಾಯಿ ದೊಡ್ಡದು, ನನ್ನದು ಸಣ್ಣದು ಎಂದು ಓಣಿಯವರು ಚಾಷ್ಟಿ ಮಾಡಿ ನಗುತ್ತಿದ್ದರು. ಅದೇ ಕೊನೆಗೆ ನಿನಗೆ ಮುಳುವಾಯಿತು.

ಹಿತ್ತಲಿನ ಆಚೆಗೆ ಪರಶು ತಗಡಿನ ಶೆಡ್ಡು ಹಾಕಿದ. ಮೊದಮೊದಲು ನಾವು ಅದನ್ನು ಗುಜರಿ ಅಂಗಡಿ ಎಂದುಕೊಂಡೆವು. ಆಮೇಲೆ ಸಿಲಿಂಡರುಗಳು ಬರತೊಡಗಿದವು. ಮನೆಬಳಕೆಯ ದೊಡ್ಡ ಸಿಲಿಂಡರನ್ನು ತಲೆಕೆಳಗಾಗಿ ನಿಲ್ಲಿಸಿ, ಪೈಪು ಹಚ್ಚಿ, ಸಣ್ಣ ಸಿಲಿಂಡರಿಗೂ ಆಟೋಗಳಿಗೂ ಗ್ಯಾಸು ತುಂಬುವ ದಂಧೆ. ಕಬ್ಬಿಣ ನೆಲಕ್ಕೆ ತಾಗುವ ಸದ್ದು, ಸುಯ್ ಎನ್ನುವ ಒಂದು ಸಣ್ಣ ದನಿ, ಅದರ ಹಿಂದೆಯೇ ಕೊಳೆತ ವಾಸನೆ. ನೀನು ಗೋಡೆಯ ಮೇಲೆ ಕತ್ತು ಹಾಕಿ, "ಏ ಪರಶು, ನಮ್ಮನ್ನೆಲ್ಲ ಜೀವಂತ ಸುಡಾಂವ ಅದೀಯೇನೋ?" ಎಂದು ಒದರುತ್ತಿದ್ದೆ. ಅವನು ನಗುತ್ತಿದ್ದ. ಮಹಾದೇವನಿಗೆ ಅಲ್ಲಿ ಗ್ಯಾಸು ತುಂಬಿಸಲು ನೀನು ಬಿಡಲಿಲ್ಲ; ಅದನ್ನೂ ಅವನು ನೋಡಿಟ್ಟುಕೊಂಡಿದ್ದ. ನಾನು ಬೈಯಲಿಲ್ಲ. ಕಿಟಕಿ ಮುಚ್ಚಿಕೊಂಡೆ.

ಒಂದು ಮುಂಜಾನೆ ದೇವರ ಮುಂದೆ ದೀಪ ಹಚ್ಚಲು ಕಡ್ಡಿ ಗೀರುವವಳಿದ್ದೆ. ಮೂಗಿಗೆ ಆ ವಾಸನೆ ಬಡಿಯಿತು — ಎಂದಿನಂತೆ ಎಳೆಯಾಗಿ ಅಲ್ಲ, ಮನೆ ತುಂಬ. ಕೈಯಲ್ಲಿ ಕಡ್ಡಿ, ಇನ್ನೊಂದು ಕೈಯಲ್ಲಿ ಪೆಟ್ಟಿಗೆ. ಒಳಗಿನ ಕೋಣೆಯಲ್ಲಿ ವಿದ್ಯಾ ಮಲಗಿದ್ದಳು. ಕಡ್ಡಿಯನ್ನು ಕೆಳಗಿಡಲೂ ಹೆದರಿಕೆ, ಎಲ್ಲಿ ಉಜ್ಜಿಬಿಡುತ್ತದೋ ಎಂದು. ಆ ದಿನದಿಂದ ನಾನು ಮನೆಯಲ್ಲಿ ಬೆಂಕಿಕಡ್ಡಿ ಗೀರಲು ಅಂಜುತ್ತೇನೆ, ಇವತ್ತಿಗೂ. ದೇವರಿಗೆ ವಿದ್ಯುತ್ ದೀಪ ಹಾಕಿಸಿದ್ದು ಅದಕ್ಕೇ; ಖರ್ಚು ಉಳಿತಾಯವೆಂದು ನಿನಗೆ ಹೇಳಿದ್ದು ಸುಳ್ಳು.

ಪೊಲೀಸರಿಗೆ ಫೋನ್ ಮಾಡಿದೆ. ನಿನಗೂ ಹೇಳದೆ ಮಾಡಿದೆ — ನೀನು ಓಣಿಗೆಲ್ಲ ಸಾರಿಬಿಡುತ್ತೀಯೆಂದು. ಫೋನ್ ಎತ್ತಿದವರು ಓಣಿಯ ಹೆಸರು ಕೇಳಿ, "ಅದು ನಮ್ಮ ಹದ್ದಿನಾಗ ಬರಂಗಿಲ್ರಿ, ಆ ಕಡೆ ಠಾಣಿಗೆ ಹೇಳ್ರಿ" ಎಂದರು. ಆ ಕಡೆಯವರು, "ರಸ್ತಾದ ಎಡಕ್ಕ ಇದ್ರ ನಮ್ದು, ಬಲಕ್ಕ ಇದ್ರ ಅವರ್ದು. ನಿಮ್ಮ ಮನಿ ಯಾವ ಕಡೆ ಐತ್ರಿ?" ಎಂದರು. ರಸ್ತಾ ಎಲ್ಲಿ ಮುಗೀತೈತೋ ಅಲ್ಲಿ ಐತ್ರಿ ಎಂದೆ. ಫೋನ್ ಇಟ್ಟುಬಿಟ್ಟರು. ಮತ್ತೊಂದು ಸಲ ಮಾಡಿದಾಗ ಅದು ನಮ್ಮ ಕೆಲಸವಲ್ಲ, ಬೇರೆ ಇಲಾಖೆಯದು ಎಂದರು. ಇಲಾಖೆಯವರು, ಅಪರಾಧವಾದರೆ ಪೊಲೀಸರದು ಎಂದರು. ಮಗ್ಗಿ ಬಾರದ ಮಕ್ಕಳು ಪಕ್ಕದವನ ಮುಖ ನೋಡುವುದನ್ನು ನಾನು ಜೀವನವಿಡೀ ನೋಡಿದವಳು. ಅದೇ ಮುಖ ಇಲ್ಲಿಯೂ.

ಕೊನೆಗೆ ಶಾಲೆಗೆ ರಜೆ ಹಾಕಿ ಠಾಣೆಗೇ ಹೋದೆ. ತಲೆಯ ಮೇಲೆ ಸೆರಗು ಹೊದ್ದು, ಯಾರಾದರೂ ನೋಡಿಯಾರೆಂದು ಹಿಂದೆ ಮುಂದೆ ನೋಡುತ್ತ — ಕಳ್ಳಿ ನಾನೇ ಅನ್ನುವ ಹಾಗೆ. ಅಲ್ಲಿದ್ದ ಪೊಲೀಸ ತಾಳ್ಮೆಯಿಂದಲೇ ಕೇಳಿದ, ಅದನ್ನು ಒಪ್ಪಬೇಕು.

"ಸಿಲಿಂಡರ್ ಒಡದೈತೇನ್ರಿ?"

"ಇಲ್ರಿ."

"ಯಾರಿಗರೆ ಏನರೆ ಆಗೇತೇನ್ರಿ?"

"ಇಲ್ರಿ. ಆಗಬಾರದಂತನ ಬಂದೀನ್ರಿ."

"ಆದ ಮ್ಯಾಲೆ ಬರ್ರಿ ಅಕ್ಕಾರ. ಆವಾಗ ಕೇಸ್ ಗಟ್ಟಿ ಆಕ್ಕೈತಿ."

ಅವನು ಚಾಷ್ಟಿಗೆ ಅಂದದ್ದಲ್ಲ. ನಿಜವಾಗಿಯೂ ನನಗೆ ಉಪಕಾರವಾಗಲೆಂದೇ ಹೇಳಿದ. ಒಮ್ಮೆ ಬಂದು ನೋಡುವುದಾಗಿ ಕೊನೆಗೆ ಒಪ್ಪಿದ. ನನ್ನ ಹೆಸರು ಹೊರಗೆ ಬರಬಾರದೆಂದು ಎರಡೆರಡು ಸಲ ಹೇಳಿದೆ. "ಛೇ ಛೇ, ನಮಗ ಅಷ್ಟೂ ತಿಳಿಯಂಗಿಲ್ಲೇನ್ರಿ?" ಎಂದ.

ಬಂದ. ಹಾಡುಹಗಲಲ್ಲಿ, ಎಲ್ಲರೂ ನೋಡುವಂತೆ ಬೈಕಿನ ಮೇಲೆ ಬಂದ. ಶೆಡ್ಡಿನಲ್ಲಿ ಒಂದೂ ಸಿಲಿಂಡರು ಇರಲಿಲ್ಲ. ಅವನು ಬರುವ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಖಾಲಿ ಶೆಡ್ಡು ನೋಡಿ, ಅಲ್ಲೇ ಕೂತು ಪರಶು ತರಿಸಿದ ಚಹಾ ಕುಡಿದ. ಹಿತ್ತಲಿನ ಕಿಟಕಿಯ ಸಂದಿಯಲ್ಲಿ ನಾನು ನಿಂತಿದ್ದೆ. ಹೊರಡುವಾಗ ಅವನು ಪರಶುವಿನ ಹೆಗಲ ಮೇಲೆ ಕೈ ಹಾಕಿ ಹೇಳಿದ್ದು ನನಗೆ ಕೇಳಿಸಿತು.

"ಆ ತುದೀ ಎರಡು ಮನಿ ಅದಾವಲ್ಲ, ಅದ್ರಾಗಿನ ಒಬ್ಬ ಹೆಣ್ಣಮಗಳು ಬಂದು ಹೇಳ್ಯಾಳಪಾ. ಹೆಸರು ಮಾತ್ರ ಕೇಳಬ್ಯಾಡ, ಹೇಳಂಗಿಲ್ಲ. ಒಂದೀಟು ಸಂಬಾಳಿಸ್ಕೊಂಡು ಮಾಡು."

ಹೆಸರು ಹೇಳಲಿಲ್ಲ! ಕೊಟ್ಟ ಮಾತು ಉಳಿಸಿಕೊಂಡೆನೆಂದು ಅವನು ನೆಮ್ಮದಿಯಿಂದ ಬೈಕು ಹತ್ತಿ ಹೋದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನಾನು ಕಿಟಕಿಯ ಕೆಳಗೆ ಮರೆಯಾಗಿ ಕೂತೆ. ಎರಡು ಮನೆ — ಒಂದು ನನ್ನದು, ಒಂದು ನಿನ್ನದು. ಆಗಲೇ ಎದ್ದು ಗೋಡೆಯ ಹತ್ತಿರ ಬಂದು ನಿನ್ನನ್ನು ಕರೆದಿದ್ದರೆ? ಬಾಯಿಯವರೆಗೂ ಬಂತು. ನೀನು ಆ ಕಡೆ ಮಷಿನ್ನು ತುಳಿಯುತ್ತಿದ್ದೆ. ಆ ಸದ್ದು ನಿಲ್ಲಲಿ, ಆಮೇಲೆ ಕರೆಯೋಣ ಎಂದುಕೊಂಡೆ. ನಿಂತ ಮೇಲೆಯೂ ಕರೆಯಲಿಲ್ಲ.

ಆಗ ನವರಾತ್ರಿ ನಡೆದಿತ್ತು. ದಸರೆಯ ದಿನ ಪರಶು ಬನ್ನಿ ಹಿಡಿದುಕೊಂಡು ನನ್ನ ಮನೆಗೆ ಬಂದ.

ನಮ್ಮಲ್ಲಿ ಬನ್ನಿ ತಂದವರನ್ನು ಹೊರಗೆ ನಿಲ್ಲಿಸುವ ಹಾಗಿಲ್ಲ. ವರ್ಷವಿಡೀ ಮಾತು ಬಿಟ್ಟ ದಾಯಾದಿಗಳೂ ಆ ದಿನ ಒಬ್ಬರಿಗೊಬ್ಬರು ಬನ್ನಿ ಕೊಟ್ಟು ತಬ್ಬಿಕೊಳ್ಳುತ್ತಾರೆ; ಯಾಕೆ, ಏನು ಎಂದು ಯಾರೂ ಕೇಳುವುದಿಲ್ಲ. ಸಣ್ಣವರು ಕಾಲು ಮುಟ್ಟುತ್ತಾರೆ, ದೊಡ್ಡವರು ಹರಸುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು. ಪರಶು ಬಿಳಿ ಅಂಗಿ ಹಾಕಿಕೊಂಡು, ಹಣೆಗೆ ಕುಂಕುಮ ಇಟ್ಟುಕೊಂಡು ಬಂದಿದ್ದ. "ಅಕ್ಕಾರ, ಬನ್ನಿ ತಗೋರಿ. ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಎಂದು ಎಲೆ ಕೊಟ್ಟು, ಬಗ್ಗಿ ನನ್ನ ಕಾಲು ಮುಟ್ಟಿದ. ಆಮೇಲೆ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತ.

"ವಿದ್ಯಾ ಮನ್ಯಾಗ ಇಲ್ಲೇನ್ರಿ? ಧಾರವಾಡಕ್ಕ ಹೋಗ್ತಾಳಂತಲ್ಲ, ಕಾಲೇಜಿಗೆ. ಸಂಜೀಕ ಬಸ್ ಇಳದು ಒಬ್ಬಾಕಿನ ನಡಕೋತ ಬರ್ತಾಳು. ನಾ ನೋಡ್ತಿರತೀನ್ರಿ."

ಅಷ್ಟೇ. ಗದರಿಸಲಿಲ್ಲ, ಕಣ್ಣು ಕೆಂಪು ಮಾಡಲಿಲ್ಲ.

"ಎರಡು ಮನಿಯೊಳಗ ಒಬ್ರು ಅಂತ ಪೊಲೀಸಪ್ಪ ಅಂದಾನ್ರಿ. ನಾ ಬ್ಯಾರೆ ಯಾರ ಮಾತೂ ನಂಬಂಗಿಲ್ಲ. ನೀವು ಸಾಲಿ ಅಕ್ಕಾರು, ಸುಳ್ಳು ಹೇಳಂಗಿಲ್ಲ. ನೀವ ಹೇಳ್ರಿ."

ಕೈಯಲ್ಲಿ ಅವನೇ ಕೊಟ್ಟ ಎಲೆ ಇತ್ತು. ನಾನು ಹೇಳಿದೆ, ಕಸ್ತೂರಿ. ಈ ಮಾತನ್ನು ಹೇಳಿದೆ:

"ನಮ್ಮ ಮನ್ಯಾಗಿನವರು ಅಂಥಾ ಉಸಾಬರಿಗೆ ಹೋಗೋರಲ್ಲಪಾ ಪರಶು."

"ಸಾಕ್ರಿ. ತಿಳೀತು" ಎಂದ. ಮತ್ತೊಮ್ಮೆ ಕಾಲು ಮುಟ್ಟಿದ. ನನ್ನ ಬಾಯಿ ತನ್ನಷ್ಟಕ್ಕೆ ತಾನೇ "ಬಂಗಾರದ್ಹಂಗ ಇರಪಾ" ಎಂದಿತು. ಹರಸಿ ಕಳಿಸಿದೆ — ನಿನ್ನ ಗಂಡನ ಕೈ ಮುರಿಯುವವನನ್ನು ನಾನು ಹರಸಿ ಕಳಿಸಿದೆ.

ನಾನು ನಿನ್ನ ಹೆಸರು ಹೇಳಲಿಲ್ಲವೆಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಎಲ್ಲಿ ಹೇಳಿದೆ? ನಮ್ಮ ಮನೆಯ ವಿಷಯ ಮಾತ್ರ ಹೇಳಿದೆನಲ್ಲ! ಆ ಪೊಲೀಸನೂ ಹೆಸರು ಹೇಳಿರಲಿಲ್ಲ. ಅವನನ್ನು ನಾನು ಎಷ್ಟು ಬೈದಿದ್ದೇನೆ, ದೇವರೇ! ಕೆಲಸಕ್ಕೆ ಬಾರದವನು, ಮನೆಮುರುಕ — ಅವನು ಇಬ್ಬರಲ್ಲಿ ಒಬ್ಬರೆಂದು ಅರ್ಧ ಹೇಳಿ ಬಿಟ್ಟಿದ್ದ. ಉಳಿದ ಅರ್ಧ ತುಂಬಿಕೊಟ್ಟವಳು ನಾನು.

ಮುಂದಿನದು ನೀನು ಅನುಭವಿಸಿದ್ದು. ಪೊಲೀಸರಿಗೆ ಹೇಳಿದವಳು ನೀನೆಂದು ಪರಶು ಓಣಿಯಲ್ಲೆಲ್ಲ ಹಬ್ಬಿಸಿದ. ಸ್ಟ್ಯಾಂಡಿನಲ್ಲಿ ಮಹಾದೇವನ ಆಟೋಗೆ ಪಾಳಿ ಬಿಡದಾದರು. ನಿನ್ನ ಹತ್ತಿರ ಜಂಪರ್ ಹೊಲಿಸುತ್ತಿದ್ದವರು ಬಟ್ಟೆಯನ್ನು ಅರ್ಧಕ್ಕೇ ಹಿಂದೆ ಒಯ್ದರು. ಆಮೇಲೆ ಆ ಮಧ್ಯಾಹ್ನ — ಮಹಾದೇವನನ್ನು ಯಾರೋ ಆಟೋದಿಂದ ಎಳೆದು ಕೆಡವಿದರು, ಕೈ ಮುರಿಯಿತು. ಸ್ಟ್ಯಾಂಡಿನ ತುಂಬ ಜನರಿದ್ದರು, ನೋಡಿದವರು ಒಬ್ಬರೂ ಇರಲಿಲ್ಲ.

ನೀನು ಅಳುತ್ತ ನನ್ನ ಬಾಗಿಲಿಗೇ ಬಂದೆ. "ಅಕ್ಕಾರ, ಠಾಣಿಗೆ ನೀವೂ ಬರ್ರಿ. ಕಲತೋರು ಸಂಗಾಟ ಇದ್ರ ಅವರು ಒಂದೀಟು ಕೇಳ್ತಾರು." ನಾನು ಬಂದೆ. ಬರುವುದಿಲ್ಲವೆನ್ನಲು ಸಹ ಧೈರ್ಯವಿರಲಿಲ್ಲ. ಅಲ್ಲಿ ಅವನೇ ಕೂತಿದ್ದ, ಅದೇ ಪೊಲೀಸ. ಬೆಂಚಿನ ಮೇಲೆ ನೀನು ನನ್ನ ಕೈ ಹಿಡಿದುಕೊಂಡಿದ್ದೆ. ನಿನ್ನ ಬೆರಳಿಗೆ ಸೂಜಿ ಚುಚ್ಚಿದ ಗುರುತುಗಳು ನನ್ನ ಅಂಗೈಗೆ ಒರಟಾಗಿ ತಾಗುತ್ತಿದ್ದವು.

"ದೇವರಾಣಿ ನಾ ಕಂಪ್ಲೇಂಟ್ ಕೊಟ್ಟಿಲ್ರಿ ಸಾಹೇಬ್ರ. ನೀವ ಹೇಳ್ರಿ, ಅವತ್ತ ನಿಮ್ಮ ಮುಂದ ಬಂದಾಕಿ ನಾನೇನು?"

ಅವನು ನಿನ್ನನ್ನು ನೋಡಲಿಲ್ಲ, ನನ್ನನ್ನು ನೋಡಿದ. ಗುರುತು ಹಿಡಿದಿದ್ದ. ಒಂದು ಗಳಿಗೆ ನಾವಿಬ್ಬರೂ, ಅವನೂ ನಾನೂ, ಒಬ್ಬರ ಬಾಯನ್ನು ಒಬ್ಬರು ಕಾದೆವು. ಅವನು ಹೇಳಲಿ ಎಂದು ನಾನು, ನಾನು ಹೇಳಲಿ ಎಂದು ಅವನು ಇದ್ದಿರಬಹುದು. ಅಥವಾ ಇಬ್ಬರೂ ಹೇಳದಿರಲಿ ಎಂದೇ... ಆಮೇಲೆ ಅವನು ಪೆನ್ನು ಕೆಳಗಿಟ್ಟ.

"ಹಳೇದು ಕೆದರಿದ್ರ ಏನು ಬರತೈತವ್ವ? ಆಟೋ ಹೊಳ್ಳಿ ಬಿದ್ದು ಕೈ ಮುರದೈತಿ ಅಂತ ಬರಕೊಂಡೀವಿ. ಓಣ್ಯಾಗ ಹೊಂದ್ಕೊಂಡು ಹೋಗ್ರಿ."

ನಾನು ತಲೆ ಅಲ್ಲಾಡಿಸಿದೆ. ಹೌದು ಎನ್ನುವ ಹಾಗೆ ತಲೆ ಅಲ್ಲಾಡಿಸಿದೆ, ಕಸ್ತೂರಿ, ನೀನು ನೋಡಲಿಲ್ಲ. ಬರುವಾಗ ಬಸ್ಸಿನಲ್ಲಿ ನೀನಂದ ಮಾತು ನನಗೆ ಇಂದಿಗೂ ಹಾಗೆಯೇ ಕೇಳಿಸುತ್ತದೆ. "ಪೊಲೀಸರು ಇದ್ದೂ ಸತ್ಹಂಗ ನೋಡ್ರಿ. ನೀವೊಬ್ರು ನನ್ನ ಬಾಜೂಕ ಅದೀರಿ ಅಂತ ನಾ ಗಟ್ಟಿ ಅದೀನಿ."

ನೀವು ಮನೆ ಖಾಲಿ ಮಾಡಿ ಧಾರವಾಡಕ್ಕೆ, ಕೆಲಗೇರಿಗೆ ಹೋದಿರಿ. ಮಷಿನ್ನು ಟೆಂಪೋಗೆ ಏರಿಸುವಾಗ ನಾನೂ ಒಂದು ಕೈ ಹಚ್ಚಿದೆ. ಹೇಳಲೇಬೇಕಾಗಿದ್ದ ದಿನ ಅದು. ಪರಶು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ. ವಿದ್ಯಾ ಇನ್ನೂ ಬಸ್ಸಿನಿಂದ ಬಂದಿರಲಿಲ್ಲ. ಮಗಳಿಗೋಸ್ಕರ ಸುಮ್ಮನಿದ್ದೆ ಎಂದು ಹೇಳಿದರೆ ನೀನು ನಂಬಬಹುದು, ತಾಯಿಯ ಕರುಳೆಂದು ಕ್ಷಮಿಸಲೂಬಹುದು. ಆದರೆ ವಿದ್ಯಾ ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೂ ನಾನು ಬಾಯಿ ಬಿಡಲಿಲ್ಲ. ನೆಪ ಹೋಯಿತು, ಹೆದರಿಕೆ ಹೋಗಲಿಲ್ಲ. ಆಗ ತಿಳಿಯಿತು — ಹೆದರಿಕೆ ನನ್ನದೇ ಇತ್ತು, ಮಗಳ ಹೆಸರಿನಲ್ಲಿ ಸಾಕಿಕೊಂಡಿದ್ದೆ.

ಒಂದು ದಸರೆಗೆ ಧೈರ್ಯ ಮಾಡಿ ನಿಮ್ಮ ಮನೆಗೆ ಬಂದೆನಲ್ಲ, ನೆನಪಿದೆಯೇ? ಹೇಳಲೆಂದೇ ಬಂದಿದ್ದೆ. ಬನ್ನಿ ಕೊಟ್ಟು ಮಾತು ಶುರು ಮಾಡಿದರೆ ಸುಲಭವಾದೀತೆಂದು ಎಣಿಸಿದ್ದೆ. ನೀನು ಬಾಗಿಲಲ್ಲೇ ಎಲೆ ತೆಗೆದುಕೊಂಡು, ಬಂಗಾರದ್ಹಂಗ ಇರೋಣ್ರಿ ಅಕ್ಕಾರ ಎಂದು ತಬ್ಬಿಕೊಂಡೆ. ನನ್ನ ಎದೆಯ ಮೇಲಿನ ಕಲ್ಲು ಆಗಲೇ ಇಳಿದ ಹಾಗಾಯಿತು. ಇನ್ನು ಯಾಕೆ ಹೇಳುವುದು, ಎಲ್ಲ ಮುಗಿಯಿತಲ್ಲ ಎನಿಸಿತು. ಅಷ್ಟರಲ್ಲಿ ಒಳಗಿನಿಂದ ಮಹಾದೇವ ಬಂದ. ಬಲಗೈಯನ್ನು ಮೇಲೆತ್ತಲು ನೋಡಿದ, ಆಗಲಿಲ್ಲ. ಎಡಗೈಯಲ್ಲಿ ಬನ್ನಿ ಹಿಡಿದು ಮುಂದೆ ಚಾಚಿ, ನಾಚಿಕೊಂಡು ಅಂದ: "ಎಡಗೈಲೆ ಕೊಡಾಕತ್ತೇನ್ರಿ ಅಕ್ಕಾರ. ತಪ್ಪು ತಿಳೀಬ್ಯಾಡ್ರಿ."

ಹಿರಿಯರಿಗೆ ಎಡಗೈಯಲ್ಲಿ ಕೊಡಬೇಕಾಯಿತಲ್ಲ ಎಂದು ಅವನು ನನ್ನ ಕ್ಷಮೆ ಕೇಳಿದ. ನನ್ನ ಕ್ಷಮೆ! ನಾನು ತೆಗೆದುಕೊಂಡೆ. ಇರಲಿ ಬಿಡಪಾ ಎಂದೆ. ಚಹಾ ಕುಡಿದು, ಕೆಲಗೇರಿ ಕೆರೆಯ ಗಾಳಿ ಚೆನ್ನಾಗಿದೆಯೆಂದು ಹೇಳಿ, ಬಸ್ಸು ಹತ್ತಿ ಬಂದುಬಿಟ್ಟೆ.

ಇನ್ನು ಇವತ್ತಿನದು. ನೀನಿದ್ದ ಮನೆಗೆ ಈಗ ಹೊಸ ಬಾಡಿಗೆಯವರು ಬಂದಿದ್ದಾರೆ, ಎಳೆ ಕೂಸಿನ ತಾಯಿ ಒಬ್ಬಳು ಮತ್ತು ಅವಳ ಗಂಡ. ಪರಶುವಿನ ಶೆಡ್ಡು ಮೊದಲಿಗಿಂತ ದೊಡ್ಡದಾಗಿದೆ. ಹೋದ ವಾರ ಆ ಹುಡುಗಿ ಗೋಡೆಯ ಮೇಲಿಂದ, "ಅಕ್ಕಾರ, ಇದೇನ ವಾಸನಿರಿ? ಕೂಸಿಗೆ ಕೆಮ್ಮು ಹತ್ತೇತಿ" ಎಂದು ಕೇಳಿದಳು. ನಾನು ಗಟಾರದ್ದು ಎಂದೆ. ಇನ್ನೊಂದು ಸುಳ್ಳು; ಅಷ್ಟೊತ್ತಿಗೆ ಅಭ್ಯಾಸವಾಗಿತ್ತು.

ಮುಂಜಾನೆ ಪರಶು ಬಂದ. ಪ್ರತಿ ವರ್ಷವೂ ಬರುತ್ತಾನೆ, ಪ್ರತಿ ವರ್ಷವೂ ನಾನು ಬನ್ನಿ ತೆಗೆದುಕೊಳ್ಳುತ್ತೇನೆ. ಇವತ್ತು ಹೊಸ್ತಿಲಲ್ಲಿ ನಿಂತು, ಎಲೆ ಮುಂದೆ ಮಾಡಿ, ದನಿ ತಗ್ಗಿಸಿ ಹೇಳಿದ:

"ಬಾಜೂ ಮನಿ ಹುಡುಗಿ ವಾಸನಿ ವಾಸನಿ ಅಂತ ಗುಣುಗುಣು ಅನ್ನಾಕತ್ತಾಳಂತ್ರಿ. ನೀವ ಒಂದು ಮಾತು ಹೇಳಿಬಿಡ್ರಿ ಅಕ್ಕಾರ. ಕಸ್ತೂರಿ ಗತಿ ಏನಾತು ಅಂತ ನಿಮಗ ಗೊತ್ತೈತಲ್ಲ."

ನನ್ನನ್ನು ಅವನು ತನ್ನವಳೆಂದುಕೊಂಡಿದ್ದಾನೆ. ತಪ್ಪೇನು, ಹಾಗೆಯೇ ಇದ್ದೆನಲ್ಲ. ಆ ಕಡೆ ಕೂಸು ಕೆಮ್ಮುತ್ತಿತ್ತು. ನಾನು ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಧೈರ್ಯದಿಂದಲ್ಲ, ಹೊರಗಿದ್ದರೆ ಅವು ಅಭ್ಯಾಸಬಲದಿಂದ ಎಲೆ ತೆಗೆದುಕೊಂಡುಬಿಡುತ್ತಿದ್ದವು.

"ಬನ್ನಿ ಒಲ್ಲೆಪಾ ಪರಶು. ಅವತ್ತ ಠಾಣಿಗೆ ಹೋಗಿ ಹೇಳಿದಾಕಿ ಕಸ್ತೂರಿ ಅಲ್ಲ. ನಾನು."

ಅವನು "ಹೌದ್ರೀ?" ಎಂದ. ಆಮೇಲೆ ಎಲೆಯನ್ನು ಕಟ್ಟೆಯ ಮೇಲಿಟ್ಟು, "ಇಲ್ಲೇ ಇಟ್ಟಿರತೀನ್ರಿ. ಬೇಕನಸಿದಾಗ ತಗೋರಿ" ಎಂದು, ಅವಸರವಿಲ್ಲದೆ ಹೋದ.

ಎಲೆ ಇನ್ನೂ ಅಲ್ಲೇ ಇದೆ, ಕಿಟಕಿಯಿಂದ ಕಾಣುತ್ತದೆ. ಆಗಿನಿಂದ ಬಾಗಿಲು ತೆಗೆದಿಲ್ಲ. ಯಾರಾದರೂ ಕಟ್ಟೆ ಹತ್ತಿದ ಸಪ್ಪಳವಾದರೆ ಯಾರ ಹೆಜ್ಜೆಯೆಂದು ಲೆಕ್ಕ ಹಾಕುತ್ತೇನೆ. ಬನ್ನಿ ತಂದ ಮಕ್ಕಳು ಕದ ಬಡಿದು ಬಡಿದು ಹೋಗುತ್ತಿದ್ದಾರೆ. ಪೊಲೀಸರಿಗೆ ಫೋನ್ ಮಾಡಲೇ ಎಂದು ಒಮ್ಮೆ ಫೋನ್ ಕೈಗೆತ್ತಿಕೊಂಡೆ. ಏನಾದರೂ ಆಗಿದೆಯೇ ಎಂದು ಕೇಳುತ್ತಾರೆ, ಇನ್ನೂ ಇಲ್ಲ ಎನ್ನಬೇಕು. ಕೆಳಗಿಟ್ಟೆ. ಆಗ ಅಷ್ಟು ದಿನ ನೀನು ಹೀಗೆಯೇ ಸಪ್ಪಳ ಲೆಕ್ಕ ಹಾಕುತ್ತ ಕೂತಿದ್ದೆಯಲ್ಲ, ಮಾಡದ ತಪ್ಪಿಗೆ, ಈ ಗೋಡೆಯ ಆಚೆಗೆ. ನಾನು ಈ ಕಡೆ ಕೂತು ಕೇಳಿಸಿಕೊಳ್ಳುತ್ತಿದ್ದೆ.

ಹೆದರಿಕೆ ಹೋಗಿದೆಯೆಂದು ನಿನಗೆ ಸುಳ್ಳು ಹೇಳುವುದಿಲ್ಲ. ನನಗೆ ಬಹಳ ಅಂಜಿಕೆಯಾಗಿದೆ, ಕಸ್ತೂರಿ. ಆದರೂ ಸಂಜೆಯಾಗುವ ಮೊದಲು ಬಾಗಿಲು ತೆಗೆದು, ಆ ವಾಸನೆ ಏನೆಂದು ಪಕ್ಕದ ಹುಡುಗಿಗೆ ಹೇಳುತ್ತೇನೆ. ನಾಳೆ ಮುಂಜಾನೆ ಬಸ್ಸು ಹತ್ತಿ ಕೆಲಗೇರಿಗೆ ಬರುತ್ತೇನೆ. ನೀನು ಒಪ್ಪಿದರೆ ಅಲ್ಲಿಂದ ಇಬ್ಬರೂ ಠಾಣೆಗೆ ಹೋಗೋಣ. ಒಪ್ಪದಿದ್ದರೆ ಒಬ್ಬಳೇ ಹೋಗುತ್ತೇನೆ. ಅವರು ಬರೆದುಕೊಳ್ಳಲಿ, ಬಿಡಲಿ, ಆ ಬೆಂಚಿನ ಮುಂದೆ ನಿಂತು ಆ ದಿನ ಹೇಳದ್ದನ್ನು ಹೇಳುತ್ತೇನೆ.

ಬನ್ನಿ ತರುವುದಿಲ್ಲ. ತಂದರೆ ನೀನು ಏನೂ ಕೇಳದೆ ತಬ್ಬಿಕೊಳ್ಳುತ್ತೀ; ಆ ಕ್ಷಮೆಯನ್ನು ನಾನು ಒಮ್ಮೆ ಕದ್ದು ತಂದಿದ್ದೇನೆ. ಈ ಸಲ ಬರಿಗೈಯಲ್ಲಿ ಬಂದು ಬಾಗಿಲ ಹೊರಗೆ ನಿಲ್ಲುತ್ತೇನೆ. ನೀನು ಒಳಗೆ ಕರೆಯಬೇಡ. ಮಹಾದೇವನನ್ನೂ ಕರೆದು ಕೂರಿಸು. ಅವನು ಮತ್ತೆ ಎಡಗೈ ಚಾಚಿ ನನ್ನ ಹತ್ತಿರ ತಪ್ಪು ಒಪ್ಪಿಕೊಳ್ಳುವ ಮೊದಲು ನಾನು ಹೇಳಿ ಮುಗಿಸಬೇಕು.